ಬ್ಲೈಂಡ್ ತಟ್ಟೆಯ ಹಿಡಿ

ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಂಗಸು ಅಳಲಿಲ್ಲ. ಟ್ಯಾಂಕ್ ತೊಳೆಯಲು ಇಳಿದ ಗಂಡ ವಿಷಾನಿಲಕ್ಕೆ ಸತ್ತ, ಕಾರ್ಖಾನೆಯವರೇ ಕೊಂದರು ಎಂದು ದೂರು ಕೊಟ್ಟಳು. ಜೊತೆಗೆ ಬಂದ ಅವಳ ಅಣ್ಣ, ಅದೇ ಕಾರ್ಖಾನೆಯ ಫಿಟ್ಟರ್, ಗೋಡೆಗೊರಗಿ ನಿಂತಿದ್ದ. ಕಾರ್ಖಾನೆಯವರು ಕೈ ತೊಳೆದುಕೊಳ್ಳುವ ಮೊದಲೇ ನೋಡಿಬಿಡೋಣವೆಂದು ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಹೊರಟರು.

ಸ್ಥಳ ಪಂಚನಾಮೆ ಶುರುವಾಯಿತು. ಟ್ಯಾಂಕಿಗೆ ಅನಿಲ ಬರುವುದು ಒಂದೇ ಪೈಪಿನಿಂದ. ಆಳು ಇಳಿಯುವ ಮುನ್ನ ಆ ಪೈಪಿನ ತುಂಡುಗಳನ್ನು ಜೋಡಿಸುವ ಎರಡು ಫ್ಲೇಂಜ್ ಬಳೆಗಳ ನಡುವೆ ಬ್ಲೈಂಡ್ ಎಂಬ ಉಕ್ಕಿನ ತಟ್ಟೆ ಇಳಿಸಿ ಬೋಲ್ಟ್ ಬಿಗಿಯುತ್ತಾರೆ. ತಟ್ಟೆಯ ಕೆಂಪು ಹಿಡಿ ಹೊರಗೆ ಕಂಡರೆ ದಾರಿ ಮುಚ್ಚಿದೆ ಎಂದರ್ಥ. ಹಿಡಿ ಕಾಣುತ್ತಿತ್ತು. ಮ್ಯಾನೇಜರ್ ಅದನ್ನೇ ತೋರಿಸಿ ತೋರಿಸಿ ತಮ್ಮದೇನೂ ತಪ್ಪಿಲ್ಲ ಎಂದರು. ಹೆಡ್ ಕಾನ್‌ಸ್ಟೆಬಲ್‌ಗೆ ತನ್ನ ಸೈಕಲ್ ಬಿಟ್ಟರೆ ಬೇರೆ ಕಬ್ಬಿಣದ ಗಂಧವೇ ಇಲ್ಲ. ಸುಮ್ಮನಿರಲಾರದೆ ಹಿಡಿಯನ್ನು ಅಲ್ಲಾಡಿಸಿದ. ಅದು ಕಿತ್ತು ಕೈಗೇ ಬಂತು. ಬೈಯಲು ಬಾಯಿ ತೆರೆದ ಇನ್‌ಸ್ಪೆಕ್ಟರ್ ಹಾಗೇ ನಿಂತರು. ಒಳಗೆ ತಟ್ಟೆಯೇ ಇರಲಿಲ್ಲ.

ಹಿಡಿ ಕತ್ತರಿಸಿದ ತಟ್ಟೆ ಗುಜರಿ ರಾಶಿಯಡಿ ಸಿಕ್ಕಿತು. ಬ್ಲೈಂಡ್ ಹಾಕಿದ್ದು ಯಾರೆಂದು ಕೇಳಿದಾಗ ಎಲ್ಲರೂ ಜೊತೆಗೆ ಬಂದಿದ್ದ ಫಿಟ್ಟರ್‌ನ ಕಡೆ ನೋಡಿದರು. ಬೆಳಿಗ್ಗೆಯಿಂದ ಅವನ ಬಲಗೈ ಜೇಬಿನಿಂದ ಹೊರಗೆ ಬಂದಿರಲಿಲ್ಲ.

"ನೀವೇ ಹಾಕಿದ್ದಾ?"

"ಹೌದು ಸಾರ್."

"ಈ ತಟ್ಟೆ ಎತ್ತಿ ತೋರಿಸಿ."

ಅವನು ಎರಡೂ ಕೈ ಹಾಕಿದ. ಎಡಗೈ ಎತ್ತಿತು. ಬಲಗೈ ಬೆರಳುಗಳು ಅಂಚಿನಿಂದ ಒಂದೊಂದಾಗಿ ಜಾರಿದವು. ಮುಂದೆ ಕೇಳಲು ಇನ್‌ಸ್ಪೆಕ್ಟರ್‌ಗೆ ಮನಸ್ಸಾಗಲಿಲ್ಲ, ಆದರೂ ಕೇಳಿದರು.

"ಯಾವಾಗಿಂದ ಹೀಗೆ?"

"ಹೋದ ವರ್ಷದಿಂದ. ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ತಟ್ಟೆ ಎತ್ತೋಕಾಗ್ದೆ ಹಿಡಿ ಮಾತ್ರ ಕತ್ತರಿಸಿ ಸಿಕ್ಕಿಸ್ದೆ. ಪೈಪಿನ ವಾಲ್ವ್ ಮುಚ್ಚಿತ್ತಲ್ಲ, ಅಷ್ಟು ಸಾಕು ಅಂದ್ಕೊಂಡೆ ಸಾರ್."

ವಾಲ್ವ್ ಸೋರುತ್ತಿತ್ತು.

ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಿ ಠಾಣೆಗೆ ತಂದರು. ತಂಗಿ ಬೆಂಚಿನ ಮೇಲೆ ಇನ್ನೂ ಕೂತಿದ್ದಳು. ಇನ್‌ಸ್ಪೆಕ್ಟರ್ ಏನನ್ನೂ ಮುಚ್ಚಿಡದೆ ಹೇಳಿದರು. ಅವಳು ಅಣ್ಣನ ಬಲಗೈಯನ್ನು ಬಹಳ ಹೊತ್ತು ನೋಡಿದಳು.

"ಕೈಲಾಗಲ್ಲ ಅಂತ ಒಂದು ಮಾತು ಹೇಳಿದ್ರೆ ಅವರೇ ಎತ್ತಿ ಕೊಡ್ತಿದ್ರಲ್ಲ ಅಣ್ಣ. ಪಕ್ಕದಲ್ಲೇ ಇದ್ರಲ್ಲ."

"ಭಾವನ್ನ ಕೇಳೋಕೆ ನಾಚಿಕೆ ಆಯ್ತಮ್ಮ."

ಒಂದು ಜೀವ ಹೋಗುವಷ್ಟು ದೊಡ್ಡ ಕಾರಣವಲ್ಲ. ವರದಿಯಲ್ಲಿ ಬರೆಯಲು ಬೇರೆ ಕಾರಣವೂ ಸಿಗಲಿಲ್ಲ. ಬಂಧನ ಪತ್ರಕ್ಕೆ ಸಹಿ ಹಾಕಲು ಪೆನ್ನು ಹಿಡಿಯಲಾಗದೆ ಫಿಟ್ಟರ್ ಹೆಬ್ಬೆಟ್ಟು ಒತ್ತಿದ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಪೋಸ್ಟ್‌ಮಾರ್ಟಂ ಮುಗಿದಿದೆ, ಶವ ಪಡೆಯಲು ಆಕೆಯ ಜೊತೆ ಬರುವವರನ್ನು ಕಳಿಸಿ ಎಂದರು. ಜೊತೆಗೆ ಬರುವವರೆಂದು ಬೆಳಿಗ್ಗೆ ಅವಳು ಬರೆಸಿದ್ದು ಅಣ್ಣನ ಹೆಸರು. ಅವಳಿಗೆ ಬೇರೆ ಯಾರೂ ಇರಲಿಲ್ಲ.