ಕಂಪನಿ ಮುಚ್ಚಲು ಬಂದವನು

"ಕಂಪನಿ ಮುಚ್ಚಬೇಕು. ಕಾಗದಪತ್ರ ನೀವೇ ಮಾಡಿಕೊಡ್ತೀರಾ?"

ಎದುರಿಗೆ ಕುಳಿತವನ ಮಾತಿಗೆ ವಕೀಲೆಯ ಎದೆ ಧಸಕ್ಕೆಂದಿತು. ಆ ಕಂಪನಿಯನ್ನು ಹುಟ್ಟುಹಾಕಿಸಿದವಳೇ ಅವಳು! ಹೊರದೇಶದಿಂದ ಬಂದು ವ್ಯಾಪಾರ ಹೂಡುವವರಿಗೆ ನೋಂದಣಿ, ಲೈಸೆನ್ಸು ಮಾಡಿಸಿಕೊಡುವುದು ಅವಳ ಕಸುಬು. ಕುರ್ಚಿ ಕಾರ್ಖಾನೆ ಹಾಕಲು ಬಂದ ಇವನ ಜೊತೆ ಕಚೇರಿಯಿಂದ ಕಚೇರಿಗೆ ಅಲೆದೂ ಅಲೆದೂ, ಯಾವಾಗ ಮನಸ್ಸು ಕೊಟ್ಟಳೋ ಅವಳಿಗೇ ತಿಳಿಯಲಿಲ್ಲ.

ಆದರೆ ಅವನು ಮದುವೆಯ ಮಾತೆತ್ತಿದ್ದು ಎಂಥ ಹೊತ್ತಿನಲ್ಲಿ! ವಾಸದ ಪರವಾನಗಿಯ ಅರ್ಜಿ ತಿರಸ್ಕಾರವಾದ ಮಾರನೆಯ ದಿನ. ಇಲ್ಲಿಯವಳನ್ನು ಮದುವೆಯಾದರೆ ಪರವಾನಗಿ ಸಲೀಸು. ಅದನ್ನು ಅವನಿಗೆ ಹೇಳಿಕೊಟ್ಟವಳೂ ಅವಳೇ.

ಹೊರದೇಶದಿಂದಲೇ ಬಂದಿದ್ದ ಅವಳ ಭಾವ ಅಕ್ಕನನ್ನು ಕಟ್ಟಿಕೊಂಡದ್ದೂ ಇದಕ್ಕಾಗಿಯೇ. ಪರವಾನಗಿ ಸಿಕ್ಕ ಮೇಲೆ ಕೈಬಿಟ್ಟ. ಅಂದಿನಿಂದ ಅಕ್ಕ ತವರಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡೇ ಉಣ್ಣುತ್ತಾಳೆ.

"ನಿಮಗೆ ಬೇಕಾಗಿರೋದು ಹೆಂಡತಿ ಅಲ್ಲ, ಪರವಾನಗಿ," ಎಂದು ಅಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದಳು. ಅವನು ಎದ್ದು ಹೋಗಿದ್ದ. ಆ ರಾತ್ರಿ ಅಕ್ಕನ ಮುಂದೆ ಮಾತ್ರ ಎಲ್ಲ ಹೇಳಿಕೊಂಡಿದ್ದಳು.

"ಮೇಲ್ಮನವಿ ಹಾಕಬಹುದು... ಗೆಲ್ತೀವಿ," ಎಂದಳು ಈಗ.

"ಬೇಡ. ಯಂತ್ರ ಎಲ್ಲಾ ಮಾರಿಬಿಟ್ಟೆ. ಕೆಲಸದವರಿಗೆ ಬೇರೆ ಕಡೆ ಹೇಳಿಟ್ಟಿದ್ದೀನಿ."

"ಅಷ್ಟು ದಿನದ ಕನಸು ಅಂತಿದ್ರಲ್ಲ..."

"ಹೂಂ." ಅವನು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡ.

ಸಹಿಯಾಯಿತು. ಅವಳು ಮೊಹರು ಒತ್ತಿದಳು. ಇನ್ನು ಅವನಿಗೆ ಈ ದೇಶದಲ್ಲಿ ಏನೂ ಉಳಿದಿರಲಿಲ್ಲ.

ಆದರೂ ಅವನು ಏಳಲಿಲ್ಲ.

"ನಾಳೆ ಊರಿಗೆ ಹೊರಟೆ. ಈಗ ನನಗೆ ಯಾವ ಪರವಾನಗಿನೂ ಬೇಡ. ಅದಕ್ಕೇ ಇನ್ನೊಂದು ಸಲ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿ ಬಂತು. ಅಯ್ಯೋ, ಈ ಒಂದು ಪ್ರಶ್ನೆಗಾಗಿ ಕಾರ್ಖಾನೆಯನ್ನೇ ಕಳೆದುಕೊಂಡನೇ? ತನ್ನ ಮಾತೊಂದು ಅವನ ಬದುಕನ್ನೇ ಮಗುಚಿಹಾಕಿತಲ್ಲ...

"ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ಮೊನ್ನೆ ನಿಮ್ಮಕ್ಕ ಕಾರ್ಖಾನೆಗೆ ಬಂದಿದ್ರು. ತಮ್ಮ ಕಥೆ ಎಲ್ಲಾ ಹೇಳಿದ್ರು. ಆಮೇಲೆ ಕೋಪ ಮಾಡ್ಕೊಳ್ಳೋಕೆ ಆಗಲಿಲ್ಲ."

ಅಕ್ಕ! ಹೊಸ್ತಿಲು ದಾಟದ ಅಕ್ಕ, ತನಗಾಗಿ ಬೀದಿಗಿಳಿದಳೇ? ಅವಳಿಗೆ ದುಃಖ ಉಕ್ಕಿ ಬಂತು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕಕ್ಕೆ ಬಂದು ನಿಂತ.

"ನಿಮ್ಮ ದೇಶದಲ್ಲಿ ನನ್ನ ವಕೀಲಿಕೆ ನಡೆಯಲ್ಲ," ಎಂದಳು ಕೊನೆಗೆ. "ಅಲ್ಲಿ ಪರವಾನಗಿ ಬೇಕಾಗೋದು ನನಗೆ. ಅದಕ್ಕೇ ಮದುವೆ ಆದಳು ಅಂತ ನೀವು ಅಂದ್ಕೊಂಡ್ರೆ?"

"ಅಂದ್ಕೊಳ್ಳಲ್ಲ."

"ಅಷ್ಟು ಗ್ಯಾರಂಟಿ ಹೇಗೆ?"

"ನಾನಿನ್ನೂ ಇಲ್ಲೇ ಇದ್ದೀನಿ, ನೀವಾಗಲೇ ಮನಸ್ಸಿನಲ್ಲೇ ಅಲ್ಲಿಗೆ ಹೋಗಿಬಿಟ್ಟಿದ್ದೀರಲ್ಲ."