ಕೇಳಬಾರದ ಮಾತು

ಓರಗಿತ್ತಿಯ ಮಂಚದ ಮೇಲೆ ಬಟ್ಟೆಯ ಎಂಟು ಗಂಟುಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಒಂದೊಂದು ಚೀಟಿ. ಹಿರಿಸೊಸೆ ಮೊದಲ ಗಂಟಿನ ಚೀಟಿ ತಿರುಗಿಸಿ ನೋಡಿದಳು. ಅದರ ಮೇಲೆ ಅವಳದೇ ಹೆಸರಿತ್ತು!

ಕೆಳಗೆ ಲಾಂಡ್ರಿ, ಮೇಲೆ ಮನೆ. ಇಡೀ ಊರಿನ ಬಟ್ಟೆ ಅವರ ಕೈಯಲ್ಲಿ ಹಾದುಹೋಗುತ್ತಿದ್ದುದರಿಂದ ಒಬ್ಬೊಬ್ಬ ಗಿರಾಕಿಗೂ ಒಂದು ಗುರುತು. ಒಗೆದು, ಇಸ್ತ್ರಿ ಮಾಡಿ, ಮಡಚಿ, ಕೊನೆಯಲ್ಲಿ ಚೀಟಿ ಹಾಕುವುದು. ಆ ಮನೆಯಲ್ಲಿ ಚೀಟಿ ಬಿದ್ದ ಗಂಟು ಎಂದರೆ ಹೊರಡಲು ಸಿದ್ಧವಾದ ಗಂಟು. ಮನೆಯವರು ತಮ್ಮ ಬಟ್ಟೆಗೆ ಚೀಟಿ ಹಾಕಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಇಲ್ಲಿ ನೋಡಿದರೆ ಓರಗಿತ್ತಿಯ ಹಸಿರು ಶಾಲು ಹಿರಿಸೊಸೆಯ ಹೆಸರಿಗೆ, ಹೊಸ ಸ್ವೆಟರು ಇಸ್ತ್ರಿಯವಳ ಹೆಸರಿಗೆ, ಮದುವೆಗೆ ಹೊಲಿಸಿದ್ದು ತನ್ನ ತಂಗಿಯ ಹೆಸರಿಗೆ... ಉಟ್ಟ ಬಟ್ಟೆ ಒಂದನ್ನು ಬಿಟ್ಟು ಎಲ್ಲವೂ ಹಂಚಿಹೋಗಿತ್ತು.

ಮೈದುನ ತೀರಿಕೊಂಡು ಇಪ್ಪತ್ತು ದಿನ. ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದ. ಅತ್ತೆಯೋ, ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಕಟ್ಟಪ್ಪಣೆ ಮಾಡಿದ್ದಳು: ಯಾರು ಕೇಳಿದರೂ ಎದೆನೋವು. ಎದೆನೋವು ಎಂದರೆ ಎದೆನೋವು, ಮುಗಿಯಿತು. ಕೆಳಗೆ ಕೆಲಸ ಮಾಡುವ ಹನ್ನೆರಡು ಮಂದಿಯೂ ಅದನ್ನೇ ಹೇಳುತ್ತಿದ್ದರು. ಒಬ್ಬರೂ ನಂಬಿರಲಿಲ್ಲ. ಕೆಲಸದ ನಡುವೆ ನಗು ನಿಂತುಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅದೂ ಸಾಲದೆಂಬಂತೆ ಅತ್ತೆ ಇನ್ನೊಂದು ಕೆಲಸ ಮಾಡಿದ್ದಳು. ಸಾವಿನ ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲೇ ಮಗನ ಅಂಗಿಗಳನ್ನೆಲ್ಲ ಒಗೆದು ಗಂಜಿ ಹಾಕಿ ಒಣಹಾಕಿದ್ದಳು. ಕೊಳೆ ಎಂದು ಕಂಡದ್ದನ್ನೆಲ್ಲ ಒಗೆಯುವುದೊಂದೇ ಗೊತ್ತಿದ್ದ ಕೈಗಳು, ಪಾಪ! ದುಃಖ ಬಂದಾಗಲೂ ಅದನ್ನೇ ಮಾಡಿದವು. ಗಂಡನ ಒಂದಾದರೂ ಅಂಗಿ ಬೇಕೆಂದು ಓಡಿಬಂದ ಓರಗಿತ್ತಿ ಒಂದೊಂದನ್ನೇ ಮುಖಕ್ಕೊತ್ತಿಕೊಂಡು, “ಬರೀ ಸೋಪು, ಅತ್ತೆ... ಬರೀ ಸೋಪು...” ಎಂದು ಬಿಕ್ಕಿದಳು. ಅತ್ತೆಯ ಬಾಯಿ ಆಗಲೂ ಸುಮ್ಮನಿರಲಿಲ್ಲ. ಇದ್ದಾಗ ಗಂಡನ ಮುಖ ನೋಡಿ ನಾಲ್ಕು ಮಾತಾಡದವಳಿಗೆ ಈಗ ಅಂಗಿಯ ವಾಸನೆ ಬೇಕಾಯಿತೇ ಎಂದಳು. ಅಂದಿನಿಂದ ಓರಗಿತ್ತಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಹಿರಿಸೊಸೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗಳಿಗೆಗೊಮ್ಮೆ ಮೆಟ್ಟಿಲು ಹತ್ತಿ ಓರಗಿತ್ತಿಯ ಬಾಗಿಲಿಗೆ ಕಿವಿಗೊಟ್ಟು ಇಳಿಯುತ್ತಿದ್ದಳು. ಆಸ್ಪತ್ರೆಯ ಬೆಡ್‌ಶೀಟು ಲೆಕ್ಕ ಹಾಕಿಸಿಕೊಳ್ಳಲು ಬರುವ ನರ್ಸಮ್ಮ ಎರಡು ದಿನದ ಹಿಂದೆ ಅವಳನ್ನು ಪಕ್ಕಕ್ಕೆ ಕರೆದಿದ್ದರು. ಹೀಗೆ ಒಬ್ಬರು ಹೋದ ಮನೆಯಲ್ಲಿ ಉಳಿದವರ ಮೇಲೆ ಕಣ್ಣಿಡಬೇಕು, ಅನುಮಾನ ಬಂದರೆ ಸುತ್ತಿಬಳಸದೆ ನೇರವಾಗಿ ಕೇಳಬೇಕು ಎಂದಿದ್ದರು. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲವಂತೆ; ಇದ್ದರೆ ಹೊರಗೆ ಬರುತ್ತದಂತೆ. ಒಬ್ಬಳನ್ನೇ ಬಿಡಬೇಡ, ನಮ್ಮ ಹತ್ತಿರ ಕರೆದುಕೊಂಡು ಬಾ ಎಂದೂ ಹೇಳಿದ್ದರು. ಹಿರಿಸೊಸೆ ತಲೆಯಾಡಿಸಿದ್ದಳು, ಆದರೆ ಓರಗಿತ್ತಿಯನ್ನು ಕೇಳಿರಲಿಲ್ಲ. ಅಂಥ ಮಾತನ್ನು ಬಾಯಲ್ಲಿ ಆಡುವುದಾದರೂ ಹೇಗೆ? ನಾಲಿಗೆಯೇ ಏಳುತ್ತಿರಲಿಲ್ಲ.

ಈಗ ಗಂಟುಗಳನ್ನು ಕಂಡಮೇಲೆ ನಾಲಿಗೆ ಎದ್ದಿತು.

ಓರಗಿತ್ತಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಹಿರಿಸೊಸೆ ಹೋಗಿ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

“ನನ್ನ ಮುಖ ನೋಡು. ನಿನಗೆ ಸಾಯಬೇಕು ಅನ್ನಿಸ್ತಿದ್ಯಾ?”

ಕೆಳಗೆ ಯಂತ್ರಗಳು ಗಿರಗಿರ ತಿರುಗುತ್ತಿದ್ದವು.

“ಹೂಂ, ಅಕ್ಕ...” ಹತ್ತೊಂಬತ್ತು ದಿನದ ಮೇಲೆ ಓರಗಿತ್ತಿಯ ಬಾಯಿಂದ ಬಂದ ಮೊದಲ ಮಾತು ಅದು. “ಎಲ್ಲರೂ ಎದೆನೋವು ಅಂತೀರಿ. ಹಾಗಾದ್ರೆ ನಂಗಾಗಿರೋದನ್ನ ನಾನು ಯಾರ ಹತ್ರ ಹೇಳ್ಕೊಂಡು ಅಳಲಿ?”

ಹಿರಿಸೊಸೆ ಅವಳನ್ನು ಬಾಚಿ ತಬ್ಬಿಕೊಂಡಳು. ಆ ಹೊತ್ತಿಗೆ ಬಾಗಿಲಲ್ಲಿ ಅತ್ತೆ! ಎಲ್ಲ ಕೇಳಿಸಿಕೊಂಡಿದ್ದಳು. ಅಪಶಕುನದ ಮಾತು ಮನೆಯೊಳಗೆ ಏಕೆ ತಂದೆ, ನಿನಗೆ ಬುದ್ಧಿ ನೆಟ್ಟಗಿದೆಯೇ ಎಂದು ಹಿರಿಸೊಸೆಯ ಮೇಲೆ ಹರಿಹಾಯ್ದಳು. ಹನ್ನೊಂದು ವರ್ಷ ಎದುರುತ್ತರ ಕೊಡದಿದ್ದ ಹಿರಿಸೊಸೆ ಅಂದು ತಲೆಯೆತ್ತಿದಳು.

“ಹೋದವರನ್ನ ನಾವು ಯಾರೂ ಕೇಳಲಿಲ್ಲ, ಅತ್ತೆ. ಇವಳನ್ನಾದ್ರೂ ಕೇಳ್ತೀನಿ. ನೀವು ಬೈಯೋದಿದ್ರೆ ಆಮೇಲೆ ಬೈಯಿರಿ.”

ಅತ್ತೆ ಮೆಲ್ಲಗೆ ಬಂದು ಗಂಟುಗಳ ಪಕ್ಕದಲ್ಲಿ ಕುಸಿದು ಕೂತಳು. “ನಂಗೆ ಗೊತ್ತಾಗಿತ್ತು ಕಣ್ರೇ... ಊಟ ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ. ಕೇಳೋಣ ಅಂತ ಬಾಗಿಲವರೆಗೂ ಬರ್ತಿದ್ದೆ. ಕೇಳಿದ್ರೆ ಎಲ್ಲಿ ನಿಜ ಆಗಿಬಿಡುತ್ತೋ ಅಂತ ವಾಪಸ್ ಹೋಗ್ತಿದ್ದೆ. ತಪ್ಪೆಲ್ಲ ನಿನ್ನ ಮೇಲೆ ಹಾಕಿಬಿಟ್ರೆ ನಂಗೆ ಹಗುರ ಆಗುತ್ತೆ ಅಂದ್ಕೊಂಡೆನಮ್ಮ...” ಎಂದು ಕಿರಿಸೊಸೆಯತ್ತ ಕೈಚಾಚಿದಳು. ಓರಗಿತ್ತಿ ಆ ಕೈಯನ್ನು ಹಿಡಿಯಲಿಲ್ಲ, ತಳ್ಳಲೂ ಇಲ್ಲ. ಅಷ್ಟಕ್ಕೇ ಮುದುಕಿ ಗಳಗಳನೆ ಅತ್ತಳು.

ಹಿರಿಸೊಸೆ ಅಲ್ಲಿಂದಲೇ ನರ್ಸಮ್ಮನಿಗೆ ಫೋನು ಮಾಡಿದಳು. ಮಧ್ಯಾಹ್ನವೇ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರು ಓರಗಿತ್ತಿಯ ಜೊತೆ ಒಂದೂವರೆ ಗಂಟೆ ಮಾತಾಡಿದರು, ಮೂರು ದಿನ ಬಿಟ್ಟು ಮತ್ತೆ ಬರಲು ಹೇಳಿದರು. ಒಬ್ಬರ ಸಾವಿಗೆ ಯಾವುದೋ ಒಂದೇ ಕಾರಣವಿರುವುದಿಲ್ಲ ಎಂದು ಅತ್ತೆಗೂ ಬಿಡಿಸಿ ಹೇಳಿದರು. ಯಾರು ಯಾವಾಗ ಅವಳ ಜೊತೆಗಿರಬೇಕೆಂದು ಮನೆಯವರು ಪಾಳಿ ಹಾಕಿಕೊಂಡರು. ಚೀಟಿಗಳನ್ನು ಅವಳೇ ಬಿಚ್ಚಲಿ, ಅವಸರವಿಲ್ಲ ಎಂದು ಗಂಟುಗಳನ್ನು ಹಾಗೇ ಬಿಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ಕೆಳಗಿಳಿದು ಯಂತ್ರಗಳನ್ನೆಲ್ಲ ನಿಲ್ಲಿಸಿದಳು. ಕರೆಂಟು ಹೋದಾಗ ಬಿಟ್ಟರೆ ಮೂವತ್ತು ವರ್ಷದಲ್ಲಿ ಕೆಲಸದ ಹೊತ್ತಿಗೆ ಅವು ನಿಂತದ್ದೇ ಇರಲಿಲ್ಲ. ಕೆಲಸದವರು ಏನು ಗ್ರಹಚಾರವೋ ಎಂದು ಒದ್ದೆ ಕೈಯಲ್ಲೇ ಬಂದು ನಿಂತರು.

“ಎದೆನೋವಲ್ಲ,” ಎಂದಳು ಅತ್ತೆ. “ನನ್ನ ಮಗ ತಾನೇ ಜೀವ ಕಳ್ಕೊಂಡ. ನಾನು ನಿಮ್ಮ ಬಾಯಲ್ಲೂ ಸುಳ್ಳು ಆಡಿಸ್ದೆ. ನಿಮ್ಮಲ್ಲಿ ಯಾರಿಗಾದ್ರೂ ಬದುಕೋದು ಬೇಡ ಅನ್ನಿಸಿದ್ರೆ ನನ್ನ ಹತ್ರ ಬನ್ನಿ. ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಬೈಯಲ್ಲ.”

ಅವಳು ಬೈಯುವುದಿಲ್ಲವೆಂದದ್ದು ಹೊಸ ಸುದ್ದಿ. ಅಳುವಿನ ನಡುವೆಯೂ ಒಬ್ಬಿಬ್ಬರು ಮುಗುಳ್ನಕ್ಕರು. ಇಸ್ತ್ರಿಯವಳು ತನ್ನಣ್ಣನೂ ಹೀಗೇ ಹೋದದ್ದನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ನರ್ಸಮ್ಮ ವಾರಕ್ಕೊಮ್ಮೆ ಬಂದು ಎಲ್ಲರ ಜೊತೆ ಕೂತು ಮಾತಾಡುವುದಾಗಿ ಒಪ್ಪಿಕೊಂಡರು. ಹಿರಿಸೊಸೆಯ ಗಂಡ ಮಾತ್ರ ಬೆಡ್‌ಶೀಟಿನ ರಾಶಿಯತ್ತ ನಡೆದ. ತಮ್ಮ ಹೋದ ದಿನದಿಂದ ಎಲ್ಲ ಓಡಾಟವೂ ಅವನದೇ. ಒಂದು ದಿನ ಕೆಲಸ ತಪ್ಪಿಸಿರಲಿಲ್ಲ, ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಇವನೊಬ್ಬ ಗಟ್ಟಿಯಾಗಿದ್ದಾನಲ್ಲ ಎಂದು ಮನೆಯವರೆಲ್ಲ ನೆಮ್ಮದಿಪಟ್ಟಿದ್ದರು.

ಯಂತ್ರಗಳು ಮತ್ತೆ ಶುರುವಾದವು. ದೊಡ್ಡ ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಹಿರಿಸೊಸೆ ಒಂದು ಕಡೆಯ ಎರಡು ಮೂಲೆ ಹಿಡಿದಳು, ಅವನು ಇನ್ನೊಂದು ಕಡೆಯದು. ಕೊಡವಿದರು, ಬಿಗಿ ಹಿಡಿದರು, ಮಡಚುತ್ತ ಒಬ್ಬರತ್ತ ಒಬ್ಬರು ನಡೆದುಬಂದರು. ಮೂಲೆಗೆ ಮೂಲೆ ಕೂಡಿಸುವಾಗ ಅವನು ತನ್ನ ಮೂಲೆಗಳನ್ನು ಅವಳ ಕೈಗೆ ಕೊಡಲಿಲ್ಲ.

“ನಿನ್ನೆ ಅವಳನ್ನ ಕೇಳಿದ್ಯಂತಲ್ಲ,” ಎಂದ, ತಲೆತಗ್ಗಿಸಿಕೊಂಡೇ. “ನನ್ನನ್ನೂ ಕೇಳು.”

ಅವಳ ಕೈಯಿಂದ ಬೆಡ್‌ಶೀಟು ಒದ್ದೆ ನೆಲಕ್ಕೆ ಜಾರಿತು. ಅವಳು ಎರಡೂ ಕೈಯಲ್ಲಿ ಗಂಡನ ಮುಖ ಹಿಡಿದೆತ್ತಿ, ನಿನ್ನೆ ಕೇಳಿದ್ದ ಅದೇ ಮಾತನ್ನು ಒಂದಕ್ಷರ ಬಿಡದೆ ಕೇಳಿದಳು. ಅವನು ಬಾಯಿಬಿಟ್ಟು ಹೇಳಿ ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.