ಒಂದಾಳು ಜಾಗ

"ಈ ಹಿರಿಯರು ಯಾಕ ಗಾಳಿಯಾಗೆ ತೇಲ್ತಿದಾರೆ?"

ಟಿವಿ ಪರದೆಯ ಮೇಲಿನ ಫೋಟೋ ನೋಡಿ ಚೌಡೇಶ್ ಹೀಗಂದಿದ್ದೇ ತಡ, ಕೋಣೆ ತುಂಬಾ ನಗು!

"ಕಾಲ ಕೆಳಗೆ ನೆರಳೇ ಇಲ್ಲ ನೋಡ್ರಿ. ಎಲ್ಲರ ಮೇಲೂ ಬಿಸಿಲು ಎಡಗಡೆಯಿಂದ ಬಿದ್ದೈತೆ, ಇವರೊಬ್ಬರಿಗೆ ಮಾತ್ರ ಬಲಗಡೆಯಿಂದ. ಇವರಿಗೇನು ಬೇರೆ ಸೂರ್ಯ ಐತೇನ್ರಿ?"

ಮತ್ತೆ ನಗು. ಆಗ ಹಿಂದಿನ ಕುರ್ಚಿಯಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮುಖ ಕೆಂಪಗಾಗಿತ್ತು.

"ಅವರು ನಮ್ಮಪ್ಪ. ತೀರಿಕೊಂಡು ಮೂರು ವರ್ಷ ಆತು. ನಮ್ಮಕ್ಕನ ಮದುವೆ ಫೋಟೋದಾಗೆ ಅವರನ್ನ ಸೇರಿಸ್ಬೇಕು ಅಂತ ಇಲ್ಲಿಗೆ ಬಂದೀನಿ. ನಗ್ರಿ... ಇನ್ನೊಂಚೂರು ನಗ್ರಿ!"

ಚೌಡೇಶನ ಮುಖ ನೋಡಬೇಕಿತ್ತು ನೀವು! ನೆಲ ಬಾಯಿಬಿಟ್ಟರೆ ಅಲ್ಲೇ ಇಳಿದುಹೋಗುವಂತಿದ್ದ. ಬಾಯಿಗೆ ಬೀಗ ಇಲ್ಲದವರ ಪಾಡೇ ಇಷ್ಟು.

ಅದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಮಕ್ತುಮ್ ಸಾಬರ ಮನೆಯ ಮಹಡಿ. ಒಂದು ಕಾಲಕ್ಕೆ ಸ್ಟುಡಿಯೋ ನಡೆಸಿದ್ದ ಸಾಬರು ಈಗ ಭಾನುವಾರ ಬೆಳಗ್ಗೆ ಆಸಕ್ತಿ ಇದ್ದವರನ್ನೆಲ್ಲ ಕೂರಿಸಿಕೊಂಡು ಫೋಟೋ ಎಡಿಟಿಂಗ್ ಹೇಳಿಕೊಡುತ್ತಿದ್ದರು. ಒಂದು ಫೋಟೋದವರನ್ನು ಕತ್ತರಿಸಿ ಇನ್ನೊಂದಕ್ಕೆ ಕೂರಿಸುವುದು, ಅದೂ ಅಂಟಿಸಿದ್ದು ಗೊತ್ತಾಗದ ಹಾಗೆ! ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ತಪ್ಪು ಹೇಳಬೇಕು ಅನ್ನುವುದು ಅಲ್ಲಿನ ಪದ್ಧತಿ. ಯಾರ ಕೆಲಸ ಅಂತ ಮಾತ್ರ ಮೊದಲೇ ಹೇಳುತ್ತಿರಲಿಲ್ಲ.

"ಕೂಡ್ರಿ ಬೇಟಿ," ಎಂದರು ಸಾಬರು ಮೆಲ್ಲಗೆ. "ಹುಡುಗ ಬಾಯಿಬಡುಕ. ಆದ್ರೆ ಹೇಳಿದ್ದು ಖರೇ ಐತೆ. ಬೆಳಕು ಹೊಂದಿಲ್ಲ."

"ಈಗೆಲ್ಲ ಮೊಬೈಲಿಗೆ ಹೇಳಿದ್ರೆ ತಾನೇ ಮಾಡ್ತೈತಂತಲ್ಲ?" ಎಂದರು ಪಕ್ಕದ ಸರ್ವಮಂಗಳಮ್ಮ. ನಿವೃತ್ತ ಟೀಚರು. ಮೊಮ್ಮಗನನ್ನು ಚಂದ್ರನ ಮೇಲೆ ನಿಲ್ಲಿಸುವ ಪಣ ತೊಟ್ಟು ಸೇರಿದವರು.

"ಮಾಡಿ ನೋಡಿದೆ ಮೇಡಂ," ಎಂದಳು ಆ ಹುಡುಗಿ, ಆಶಾರಾಣಿ. "ಯಾರೋ ಹೀರೋ ತರ ಮಾಡ್ತು. ಅದ್ರಾಗೆ ನಮ್ಮಪ್ಪ ಇರ್ಲಿಲ್ಲ."

ವಿಷಯ ಇಷ್ಟು. ಅಕ್ಕ ಯಶೋದಾಳ ಮದುವೆಯ ದಿನ ಕಲ್ಯಾಣ ಮಂಟಪದ ಅಂಗಳದಲ್ಲಿ ಎಲ್ಲರೂ ಫೋಟೋಗೆ ನಿಂತಾಗ ಅಮ್ಮ ಸುಂಕಲಮ್ಮ ಪಕ್ಕದವರನ್ನು ಸರಿಸಿದ್ದಳು. "ಇಲ್ಲಿ ಒಂದಾಳು ಜಾಗ ಬಿಡ್ರಿ. ಅವರು ನಿಲ್ತಾರೆ."

ಎಲ್ಲರೂ ಸರಿದು ನಿಂತರು. ಫೋಟೋದಲ್ಲಿ ಆ ಜಾಗ ಹಾಗೇ ಉಳಿಯಿತು. ಸ್ಟುಡಿಯೋದವರು ಅಪ್ಪ ಮೈಲಪ್ಪನ ತಲೆಯನ್ನು ಯಾರದೋ ಕೋಟಿನ ಮೇಲೆ ಕೂರಿಸಿ ಕಳಿಸಿದಾಗ ಅಮ್ಮ ಅದನ್ನು ಬೀರುವಿನೊಳಗೆ ತಳ್ಳಿದ್ದಳು. ಗೋಡೆಗೆ ಮೊಳೆ ಹೊಡೆದಿತ್ತು, ಫೋಟೋ ಏರಿರಲಿಲ್ಲ. ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಆಶಾರಾಣಿ ಅವತ್ತೇ ತೀರ್ಮಾನ ಮಾಡಿದ್ದಳು... ಆ ಜಾಗವನ್ನು ತಾನೇ ತುಂಬಬೇಕು!

ತರಗತಿ ಮುಗಿದು ಸ್ಕೂಟಿ ಹತ್ತಿರ ಬಂದರೆ, ಅಲ್ಲಿ ಚೌಡೇಶ್ ನಿಂತಿದ್ದ.

"ತಪ್ಪಾತ್ರಿ. ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಸುಳ್ಳು ಹೇಳ್ತಿದ್ರಾ?"

ಅವನು ತಲೆ ಕೆರೆದುಕೊಂಡ. "ಇಲ್ಲ... ನೆರಳಿಲ್ಲ ಅಂತ ಮೆತ್ತಗೆ ಹೇಳ್ತಿದ್ದೆ."

ಎಷ್ಟು ತಡೆದರೂ ಅವಳಿಗೆ ನಗು ಬಂದೇಬಿಟ್ಟಿತು. 'ಸಿಟ್ಟು ಮಾಡ್ಕೊಳ್ಳೋಕೂ ಬಿಡಲ್ವಲ್ಲ ಈ ಮನುಷ್ಯ!'

ಮುಂದಿನ ಭಾನುವಾರ ಅವನು ಅವಳ ಪಕ್ಕದ ಕುರ್ಚಿಯಲ್ಲೇ ಕೂತ. ಹರಿಹರದ ಹುಡುಗ, ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಪರೀಕ್ಷೆ ಮಾಡುವ ಕೆಲಸ. ಕೂದಲೆಳೆಯಷ್ಟು ತಪ್ಪಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಕೂದಲಿನ ಅಂಚನ್ನು ಹೇಗೆ ಬಿಡಿಸಬೇಕು, ಪಾದದ ಹತ್ತಿರ ನೆರಳು ಗಟ್ಟಿಯಾಗಿದ್ದು ದೂರ ಹೋದಂತೆ ಹೇಗೆ ತೆಳ್ಳಗಾಗಬೇಕು ಎಂದು ತೋರಿಸಿಕೊಟ್ಟ. ಅವಳು ಅವನಿಗೆ ಬಣ್ಣ ಹದ ಮಾಡುವುದನ್ನು ಕಲಿಸಿದಳು. ಅವನ ಫೋಟೋದಲ್ಲಿ ಎಲ್ಲರೂ ಕಾಮಾಲೆ ಬಂದವರ ಹಾಗೆ ಕಾಣುತ್ತಿದ್ದರು, ಪಾಪ!

ಮಂಡಕ್ಕಿ ಮಿರ್ಚಿ ತಿನ್ನುತ್ತಾ ಅಪ್ಪನ ವಿಷಯ ಹೇಳುವುದು ಅವಳಿಗೆ ಅಭ್ಯಾಸವಾಯಿತು. ಅಪ್ಪನೂ ಶಿಫ್ಟ್ ಬಸ್ಸು ಹಿಡಿದು ಗುತ್ತೂರಿನದೇ ಇನ್ನೊಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದದ್ದು, ಆ ಕಾರ್ಖಾನೆ ಈಗ ಮುಚ್ಚಿದ್ದು... ಅವನು ಕೇಳುತ್ತಿದ್ದ. ಮಾತಿನ ಮಲ್ಲ ಅಂತ ಹೆಸರಾದವನು ಅವಳು ಮಾತಾಡುವಾಗ ಮಾತ್ರ ಸುಮ್ಮನಿರುತ್ತಿದ್ದ. ಸೋಮವಾರದಿಂದಲೇ ಭಾನುವಾರಕ್ಕೆ ಕಾಯುವಂತಾಯಿತು ಅವಳಿಗೆ.

ಎಲ್ಲ ಕಲಿತರೂ ಅಪ್ಪನ ಮುಖದ ಬೆಳಕು ಮಾತ್ರ ಬಗ್ಗಲಿಲ್ಲ. ಇದ್ದ ಒಂದೇ ಒಂದು ನಿಲುವಿನ ಫೋಟೋದಲ್ಲಿ ಬೆಳಕು ಬಲಗಡೆಯಿಂದ, ಮದುವೆಯ ಬಿಸಿಲು ಎಡಗಡೆಯಿಂದ.

"ಕೊಡ್ರಿ, ಈ ವಾರ ನಾನು ನೋಡ್ತೀನಿ," ಎಂದ ಚೌಡೇಶ್.

ಮುಂದಿನ ವಾರ ಪರದೆಯ ಮೇಲೆ ಫೋಟೋ ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮನ ಪಕ್ಕದಲ್ಲಿ ಅಪ್ಪ! ಅದೇ ಬಿಸಿಲು, ಅದೇ ನೆರಳು... ಆಶಾರಾಣಿ ಚೂಡಿದಾರದ ವೇಲಿನಲ್ಲೇ ಕಣ್ಣೊರೆಸಿಕೊಂಡಳು. "ಹೆಂಗೆ ಮಾಡಿದ್ರಿ?"

"ಹಂಗೇ... ಸ್ವಲ್ಪ ಕೈಚಳಕ," ಎಂದ ಅವನು, ಅವಳ ಕಣ್ಣು ತಪ್ಪಿಸಿ.

ಕಟ್ಟು ಹಾಕಿಸಿದ ಫೋಟೋ ಮನೆಗೆ ಬಂತು. ಸುಂಕಲಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಹತ್ತಿರ ಹಿಡಿದು ನೋಡಿದಳು. ಮೆಲ್ಲಗೆ ಕೆಳಗಿಟ್ಟಳು.

"ಇವರು ಯಾರೇ ಆಶಾ?"

"ಅಮ್ಮಾ! ಅಪ್ಪ!"

"ಅಲ್ಲ ಕಣೇ. ನಿಮ್ಮಪ್ಪಂಗೆ ಹುಬ್ಬಿನ ಮೇಲಿನ ಕಲೆ ಈ ಕಡೆ ಅಲ್ಲ, ಆ ಕಡೆ ಇತ್ತು. ಮಷಿನ್ ಚೂರು ಸಿಡಿದಾಗ ದಿನಾ ಅರಿಶಿಣ ಹಚ್ಚಿದೋಳು ನಾನು. ನಂಗೆ ಗೊತ್ತಿಲ್ವಾ?" ಕನ್ನಡಕ ತೆಗೆದಿಟ್ಟಳು. "ಬ್ಯಾಡ ಬಿಡವ್ವ. ಜಾಗ ಖಾಲಿನೇ ಇರ್ಲಿ."

ಆಶಾರಾಣಿ ಫೋಟೋ ಎತ್ತಿ ನೋಡಿದಳು. ಕನ್ನಡಿಯಲ್ಲಿ ಕಂಡ ಹಾಗೆ ಅಪ್ಪನನ್ನು ಇಡಿಯಾಗಿ ತಿರುಗಿಸಲಾಗಿತ್ತು!

ತಕ್ಷಣ ಫೋನ್ ಮಾಡಿದಳು. "ಅಪ್ಪನ ಫೋಟೋ ತಿರುಗಿಸಿದ್ರಾ?"

"ಹೌದ್ರಿ... ಬೆಳಕು ಹೊಂದ್ಲಿ ಅಂತ..."

"ತಿರುಗಿಸಿದ್ಮೇಲೆ ಅಂಗಿ ಜೇಬು ಮತ್ತೆ ಎದೆಯ ಎಡಕ್ಕೆ ತಂದ್ರಿ, ಗುಂಡಿ ಸರಿ ಮಾಡಿದ್ರಿ. ನಂಗೆ ಗೊತ್ತಾಗಬಾರ್ದು ಅಂತಾನೇ! ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳ್ಬೇಕು ಅಂದ್ಕೊಂಡೆ. ನೀವು ಅಷ್ಟು ಖುಷಿಯಾಗಿದ್ರಿ..."

"ನಿಮಗದು ಬರೀ ಕತ್ತರಿಸಿ ಅಂಟಿಸೋ ಒಂದು ಲೇಯರ್. ನಂಗೆ ಅಪ್ಪ!"

ಫೋನ್ ಇಟ್ಟಳು. ಅವನ ನಂಬರನ್ನೂ ಬ್ಲಾಕ್ ಮಾಡಿದಳು. ಆದರೆ ದಿಂಬಿಗೆ ಮುಖ ಒತ್ತಿ ಅತ್ತಿದ್ದು ಅವನಿಗಾಗಿ ಮಾತ್ರವಲ್ಲ. 'ಅಮ್ಮ ಒಂದೇ ನೋಟಕ್ಕೆ ಗುರುತಿಸಿದ್ದನ್ನ ನಾನ್ಯಾಕೆ ಗುರುತಿಸ್ಲಿಲ್ಲ? ಬೆಳಕು ನೋಡಿದೆ, ನೆರಳು ನೋಡಿದೆ... ಅಪ್ಪನ್ನೇ ನೋಡ್ಲಿಲ್ಲ. ಅಪ್ಪನ ಮುಖ ಮರೀತಾ ಇದೀನಾ?'

ಭಾನುವಾರಗಳು ಬಂದು ಹೋದವು. ಅವಳು ತರಗತಿಯ ಕಡೆ ತಲೆ ಹಾಕಲಿಲ್ಲ. ಒಂದು ಶನಿವಾರ ರಕ್ತಪರೀಕ್ಷೆಗೆ ಬಂದ ಸರ್ವಮಂಗಳಮ್ಮ ತೋಳು ಚಾಚಿ ಕೂತು ಅಂದರು, "ಅಲ್ಲಮ್ಮ, ಆ ಚೌಡೇಶ ಗುತ್ತೂರಾಗೆ ನಿಮ್ಮಪ್ಪನ ಫೋಟೋ ಹಿಡ್ಕೊಂಡು ಮನೆ ಮನೆ ತಿರುಗ್ತಿದಾನಂತಲ್ಲ? ನಮ್ಮ ತಂಗಿ ಮನೇಗೂ ಹೋಗಿದ್ನಂತೆ. ಭಾನುವಾರ ಪೂರ್ತಿ ಅದೇ ಕೆಲಸವಂತೆ!"

ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪನನ್ನು ಬೀದಿಯಲ್ಲಿ ತಮಾಷೆ ಮಾಡುತ್ತಿದ್ದಾನೆಯೇ?

ಮರುದಿನ ಬೆಳಗ್ಗೆ ಸ್ಕೂಟಿ ಹರಿಹರದ ರಸ್ತೆ ಹಿಡಿಯಿತು. ದಾರಿಯುದ್ದಕ್ಕೂ ಬಯ್ಯಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಗುತ್ತೂರಿನ ಚಹಾದಂಗಡಿಯಲ್ಲಿ ಕೇಳಿದರೆ, "ಫೋಟೋ ಹುಡುಗನಾ? ಮಾಳಿಂಗಪ್ಪನ ಮನೇಲಿ ಅದಾನೆ ನೋಡ್ರಿ," ಎಂದು ಕೈ ತೋರಿಸಿದರು.

ಕಟ್ಟೆಯ ಮೇಲೆ ಚೌಡೇಶ್ ಕೂತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಅವಳನ್ನು ಕಂಡು ಎದ್ದ ರಭಸಕ್ಕೆ ಚಹಾ ಲೋಟ ಉರುಳಿತು.

"ಏನ್ರಿ ಇದು? ನಮ್ಮಪ್ಪನ..."

"ಮೈಲಪ್ಪನ ಮಗಳಾ?" ಎನ್ನುತ್ತಾ ಒಳಗಿನಿಂದ ಒಬ್ಬ ಮುದುಕ ಬಂದ. "ಬಾರವ್ವ, ಕೂಡು! ಈ ಹುಡುಗ ಎರಡು ವಾರದಿಂದ ನನ್ನ ಜೀವ ತಿಂತಿದಾನೆ. ಫೋಟೋ ಕೊಡು ಅಂತಾನೆ. ನಾನೂ ಮೈಲಪ್ಪನೂ ಒಂದೇ ಮಷಿನ್ ಮೇಲೆ ದುಡಿದೋರು. ಅವನ ಮಕ್ಕಳು ಬಂದ್ರೆ ಕೊಡ್ತೀನಿ, ಬ್ಯಾರೆಯೋರ ಕೈಗೆ ಕೊಡಲ್ಲ ಅಂದೆ. ಕರ್ಕೊಂಡು ಬಾ ಅಂದ್ರೆ, ಅವರು ನನ್ನ ಜೊತೆ ಮಾತು ಬಿಟ್ಟಾರೆ ಅಂತ ತಲೆ ತಗ್ಗಿಸ್ತಾನೆ."

ಮಾಳಿಂಗಪ್ಪ ಅವಳ ಅಂಗೈಯಲ್ಲಿ ಒಂದು ಹಳೇ ಫೋಟೋ ಇಟ್ಟ. ಶಿಫ್ಟಿನವರೆಲ್ಲ ಉಕ್ಕಡಗಾತ್ರಿ ಜಾತ್ರೆಗೆ ಹೋದಾಗ ನದಿ ದಂಡೆಯಲ್ಲಿ ತೆಗೆಸಿದ್ದು. ಸಾಲಿನ ಕೊನೆಯಲ್ಲಿ ಅಪ್ಪ... ಪಂಚೆ, ಬಿಳಿ ಅಂಗಿ, ಅಮ್ಮ ಹೇಳಿದ ಕಡೆಗೇ ಹುಬ್ಬಿನ ಕಲೆ. ಎಡಗಡೆಯಿಂದ ಬೆಳಗಿನ ಬಿಸಿಲು. ಯಾರೋ ಏನೋ ಅಂದಿರಬೇಕು, ಬಾಯ್ತುಂಬ ನಗುತ್ತಿದ್ದ.

ಮನೆಯ ಫೋಟೋದಲ್ಲಿ ಬಿಗಿದುಕೊಂಡು ನಿಂತಿದ್ದ ಅಪ್ಪ ಇಲ್ಲಿ ನಗುತ್ತಿದ್ದ! ಈ ನಗು ಅವಳಿಗೆ ಗೊತ್ತಿತ್ತು. ಮರೆತಿರಲಿಲ್ಲ. ಒಂಚೂರೂ ಮರೆತಿರಲಿಲ್ಲ! ಕಟ್ಟೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಹಗುರಾದ ಮೇಲೆ ತಲೆ ಎತ್ತಿ ಕೇಳಿದಳು. "ಯಾಕೆ ಇಷ್ಟೆಲ್ಲ ಮಾಡಿದ್ರಿ?"

"ನಿಮ್ಮಪ್ಪನ್ನ ತಿರುಗಿಸೋದು ತಪ್ಪಾಗಿತ್ತು. ಸರಿಯಾದ ಬೆಳಕಿನಾಗೆ ಅವರು ಎಲ್ಲಾದ್ರೂ ನಿಂತಿರ್ತಾರೆ, ಹುಡುಕ್ಬೇಕು ಅನ್ನಿಸ್ತು." ಅವನು ನೆಲ ನೋಡುತ್ತಲೇ ಅಂದ. "ಇನ್ನೊಂದು ಮಾತು... ನಿಮ್ಮಮ್ಮ ಬಿಟ್ಟ ಆ ಜಾಗ ನೋಡಿದಾಗೆಲ್ಲ ಹೊಟ್ಟೆಕಿಚ್ಚು ಆಗ್ತಿತ್ತು ನಂಗೆ. ನನಗೋಸ್ಕರ ಯಾರಾದ್ರೂ ಅಷ್ಟು ಜಾಗ ಬಿಟ್ರೆ ಸಾಕು, ಜೀವನದಾಗೆ ಬ್ಯಾರೆ ಏನೂ ಬ್ಯಾಡ."

ಅವಳು ಉರುಳಿದ ಲೋಟ ಎತ್ತಿಟ್ಟು, "ಬರೋ ಭಾನುವಾರ ಲ್ಯಾಪ್‌ಟಾಪ್ ತಗೊಂಡು ಮನೆಗೆ ಬರ್ರಿ. ಇಬ್ರೂ ಸೇರಿ ಮಾಡೋಣ," ಎಂದಳಷ್ಟೆ. ಹುಡುಗನಿಗೆ ಅಷ್ಟೇ ಸಾಕಾಯಿತು, ಮುಖ ನೋಡಬೇಕಿತ್ತು!

ಈ ಸಲ ಏನನ್ನೂ ತಿರುಗಿಸಲಿಲ್ಲ. ಕೂದಲು ಅವಳು ಬಿಡಿಸಿದಳು, ನೆರಳು ಅವನು ಹಾಸಿದ. ಮಕ್ತುಮ್ ಸಾಬರು ನೋಡಿ, "ಈಗ ನೆಲದ ಮೇಲೆ ನಿಂತ್ರು," ಎಂದರು.

ಹೊಸ ಫೋಟೋ ಕೈಗೆ ಬಂದಾಗ ಸುಂಕಲಮ್ಮ ಬೆರಳಿಂದ ಹುಬ್ಬಿನ ಕಲೆ ಸವರಿದಳು. "ನೋಡು, ಹೆಂಗೆ ನಗ್ತಿದಾರೆ... ಮಗಳ ಮದುವೆ ಅಂದ್ರೆ ಹಿಂಗೇ ನಗ್ತಿದ್ರು," ಅಂದಳು. ಕಾದು ಕಾದು ತುಕ್ಕು ಹಿಡಿಯುತ್ತಿದ್ದ ಮೊಳೆಗೆ ಕೊನೆಗೂ ಫೋಟೋ ಏರಿತು.

"ಇದರ ಮುಂದೆ ನಮ್ಮದೊಂದು ಫೋಟೋ ತೆಗಿಯಪ್ಪ," ಎಂದಳು ಸುಂಕಲಮ್ಮ ಚೌಡೇಶನಿಗೆ. ತಾಯಿ ಮಗಳು ಗೋಡೆಯ ಮುಂದೆ ನಿಂತರು. ಅವನು ಮೊಬೈಲ್ ಎತ್ತಿ, ಹುಬ್ಬು ಗಂಟಿಕ್ಕಿದ.

"ಆಶಾ ಅವರೇ, ಸ್ವಲ್ಪ ಅಮ್ಮನ ಕಡೆ ಸರೀರಿ. ಮಧ್ಯೆ ಜಾಗ ಉಳಿದೈತೆ."

"ಉಳಿದಿಲ್ಲ," ಎಂದಳು ಅವಳು. "ಬಿಟ್ಟೀನಿ."

ಅವನು ಮೊಬೈಲ್ ಕೆಳಗಿಳಿಸಿದ. "ಎಷ್ಟು... ಎಷ್ಟು ಜಾಗ?"

"ಒಂದಾಳು."

ಸುಂಕಲಮ್ಮ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿ ನಕ್ಕಳು. ಚೌಡೇಶನ ಬಾಯಿಗೆ ಬಂದದ್ದೇನು ಗೊತ್ತೇ?

"ಈಗ ತೆಗೆದು... ಆಮೇಲೆ ನನ್ನನ್ನ ಎಡಿಟ್ ಮಾಡಿ ಸೇರಿಸ್ಲಾ?"

"ಬ್ಯಾಡ್ರಿ," ಎಂದಳು ಆಶಾರಾಣಿ, ಕಣ್ತುಂಬಿಕೊಂಡು ನಗುತ್ತಾ. "ಟೈಮರ್ ಇಡ್ರಿ. ನೀವೇ ಬಂದು ನಿಲ್ರಿ."